ಕಾಣದ ಪ್ರೀತಿಯನ್ನು ಕೇಳಿಸುವುದು ಹೇಗೆ?

ಪ್ರಶ್ನೆ: ನಾನು ಆರು ಕಂತುಗಳ ವಿಜ್ಞಾನ ಕಥೆಯೊಂದನ್ನು ಕನ್ನಡದಲ್ಲಿ ಆಡಿಯೋ ನಾಟಕವಾಗಿ ಬರೆಯುತ್ತಿದ್ದೇನೆ. ದೂರದ ಗ್ರಹವೊಂದಕ್ಕೆ ಹೊರಟ ನೌಕೆಯಲ್ಲಿ ಏಳು ಮಂದಿ ಇದ್ದಾರೆ. ಅವರಲ್ಲಿ ಇಂಜಿನಿಯರ್ ಮೇಧಾ ಮತ್ತು ಡಾಕ್ಟರ್ ವಾರುಣಿ ಒಬ್ಬರನ್ನೊಬ್ಬರು ಪ್ರೀತಿಸುವ ಹೆಂಗಸರು. ನೌಕೆಯ ಪಥ ನೋಡಿಕೊಳ್ಳುವ ಕಿರಣ, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ತಿಳಿದ ವ್ಯಕ್ತಿ. ನಾನೂ ಈ ಸಮುದಾಯದವಳೇ ಆದ್ದರಿಂದ ಇವರನ್ನು ಸರಿಯಾಗಿ ತರಬೇಕೆಂಬ ಆಸೆಯ ಜೊತೆಗೆ ಭಯವೂ ಇದೆ. ಕೇಳುಗರಿಗೆ ಏನೂ ಕಾಣುವುದಿಲ್ಲವೆಂದು ಮೊದಲ ಕಂತಿನಲ್ಲೇ ಮೇಧಾಳಿಂದ ‘ನಾನು ಸಲಿಂಗಪ್ರೇಮಿ ಎಂಬುದು ನಿಮಗೆಲ್ಲ ಗೊತ್ತಿರುವುದೇ’ ಎಂದು ಹೇಳಿಸಿದ್ದೇನೆ. ಓದಿದವರು ಅದು ಭಾಷಣದಂತಿದೆ ಎಂದರು. ತಂಡದಲ್ಲಿರುವ ಗೆಳೆಯನೊಬ್ಬ, ಇನ್ನೂರು ವರ್ಷಗಳ ನಂತರ ಇದನ್ನೆಲ್ಲ ಯಾರು ಗಮನಿಸುತ್ತಾರೆ, ಹೇಳದೇ ಬಿಡು ಎನ್ನುತ್ತಾನೆ. ಇನ್ನು ‘ಕಿರಣನಿಗೆ’ ಎನ್ನಲೋ ‘ಕಿರಣಳಿಗೆ’ ಎನ್ನಲೋ ಎಂಬಲ್ಲೇ ಪೆನ್ನು ನಿಂತುಬಿಡುತ್ತದೆ. ಆ ಪಾತ್ರಕ್ಕೆ ಎಂಥ ದನಿ ಬೇಕೆಂಬುದೂ ಹೊಳೆಯುತ್ತಿಲ್ಲ. ಐದನೆಯ ಕಂತಿನಲ್ಲಿ ವಾರುಣಿ ಸಾಯುತ್ತಾಳೆ. ಹಾಗೆ ಬರೆಯುವುದು ತಪ್ಪೇ? ಈ ಪಾತ್ರಗಳನ್ನು ಇದೇ ಸಮುದಾಯದ ಕಲಾವಿದರೇ ಮಾಡಬೇಕೇ?

ಉತ್ತರ: ನೀವು ಪತ್ರದ ಜೊತೆ ಕಳುಹಿಸಿದ ಮೊದಲ ಎರಡು ಕಂತುಗಳನ್ನೂ ಉಳಿದ ಕಂತುಗಳ ಸಾರಾಂಶವನ್ನೂ ಎರಡು ಸಲ ಓದಿದೆ, ಎರಡನೆಯ ಸಲ ಗಟ್ಟಿಯಾಗಿ ಓದಿದೆ, ಏಕೆಂದರೆ ಆಡಿಯೋ ನಾಟಕದ ಬರಹವನ್ನು ಕಣ್ಣಿನಿಂದ ಅಳೆಯಲಾಗದು ಎಂಬುದು ಬಹುಕಾಲದಿಂದ ಸ್ಕ್ರಿಪ್ಟ್ ತಿದ್ದುವ, ಕಲಾವಿದರನ್ನು ಮೈಕಿನ ಮುಂದೆ ನಿಲ್ಲಿಸುವ ಕೆಲಸ ಮಾಡಿಕೊಂಡು ಬಂದ ನನಗೆ ಅನುಭವವೇ ಕಲಿಸಿದ ಪಾಠ. ನೀವು ಕೇಳಿರುವ ಹಲವು ಪ್ರಶ್ನೆಗಳ ಬೇರು ಒಂದೇ ಎಂದು ನನಗೆ ತೋರುತ್ತದೆ. ಹೇಳದಿದ್ದರೆ ಈ ಮನುಷ್ಯರು ಕಥೆಯಲ್ಲಿ ಇಲ್ಲವೇ ಇಲ್ಲವೆಂದಾಗುತ್ತದೆ. ಹೇಳಿದರೆ ಅವರು ಮನುಷ್ಯರಾಗಿ ಉಳಿಯದೆ ಹಣೆಪಟ್ಟಿಗಳಾಗುತ್ತಾರೆ. ಈ ಇಕ್ಕಟ್ಟು ನಿಜವಾದದ್ದು. ಆದರೆ ಹೇಳುವುದು ಮತ್ತು ಕೇಳಿಸುವುದು ಬೇರೆ ಬೇರೆ ಕೆಲಸಗಳು ಎಂದು ತಿಳಿದ ಮೇಲೆ ಅದು ಬಹುಮಟ್ಟಿಗೆ ಸಡಿಲವಾಗುತ್ತದೆ.

ಮೊದಲು ನಿಮ್ಮ ಗೆಳೆಯರ ಮಾತನ್ನು ನೋಡೋಣ. ಅದು ಒಳ್ಳೆಯ ಮನಸ್ಸಿನಿಂದ ಬಂದ, ಅರ್ಧ ಸರಿಯಾದ ಮಾತು. ಇನ್ನೂರು ವರ್ಷಗಳ ನಂತರದ ನಿಮ್ಮ ನೌಕೆಯಲ್ಲಿ ಮೇಧಾ ಯಾರನ್ನು ಪ್ರೀತಿಸುತ್ತಾಳೆ ಎಂಬುದು ಯಾರಿಗೂ ಸುದ್ದಿಯಲ್ಲದೆ ಇರಬಹುದು. ಅಂಥ ಲೋಕವನ್ನು ಕಲ್ಪಿಸುವುದೇ ವಿಜ್ಞಾನ ಕಥೆಯ ದೊಡ್ಡ ಬಲ. ಆದರೆ ಕೇಳುಗರು ಕೂತಿರುವುದು ನೌಕೆಯಲ್ಲಲ್ಲ, ಇಂದಿನ ದಿನದಲ್ಲಿ. ಕಿವಿಗೆ ಖಾಲಿ ಜಾಗ ಸಿಕ್ಕರೆ ಅದು ತನಗೆ ರೂಢಿಯಾದದ್ದನ್ನೇ ಅಲ್ಲಿ ತುಂಬಿಕೊಳ್ಳುತ್ತದೆ. ಹೆಣ್ಣುದನಿಯೊಂದು ‘ಒಳಗೆ ಒಬ್ಬರು ಕಾಯುತ್ತಿದ್ದಾರೆ’ ಎಂದರೆ, ಕಾಯುತ್ತಿರುವುದು ಒಬ್ಬ ಗಂಡಸೆಂದು ಬಹುಪಾಲು ಕೇಳುಗರು ಅರೆಕ್ಷಣದಲ್ಲಿ ನಿರ್ಧರಿಸಿಬಿಟ್ಟಿರುತ್ತಾರೆ. ರಂಗದ ಮೇಲೆ ಇಬ್ಬರು ಹೆಂಗಸರು ಮಾತಿಲ್ಲದೆ ಕೈ ಹಿಡಿದು ನಿಂತರೂ ಸಾಕು, ಕಥೆ ನಡೆಯುತ್ತಿರುತ್ತದೆ. ಧ್ವನಿಯಲ್ಲಿ ಅದೇ ಎರಡು ಕ್ಷಣ ಬರೀ ನಿಶ್ಶಬ್ದ. ಯಾರೂ ಬೆಚ್ಚಿಬೀಳದ ಲೋಕವನ್ನು ತೋರಿಸಬೇಕಾದರೆ, ಇಂದು ಕೆಲವರು ಬೆಚ್ಚಿಬೀಳುವ ಸಂಗತಿ ಮೊದಲು ಕಿವಿಗೆ ಬೀಳಬೇಕು, ಆಮೇಲೆ ನೌಕೆಯಲ್ಲಿ ಯಾರೂ ಬೆಚ್ಚಿಬೀಳದಿರುವುದು ಕೇಳಿಸಬೇಕು. ನಿಮ್ಮ ಗೆಳೆಯರು ಹೇಳುವಂತೆ ಮಾಡಿದರೆ ಇವೆರಡೂ ಆಗುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ನಿಮ್ಮ ಪತ್ರದಲ್ಲಿಲ್ಲ. ಆದರೆ ರೆಕಾರ್ಡಿಂಗ್ ಕೋಣೆಯಲ್ಲಿ ಅದು ನಿಮಗೆ ಎದುರಾಗುತ್ತದೆ. ಪ್ರೀತಿಯ ಸ್ವಭಾವವನ್ನು ದನಿಯ ವಯ್ಯಾರದಿಂದ ತೋರಿಸಬಹುದು ಎಂಬುದೇ ಆ ತಿಳುವಳಿಕೆ. ಇದಕ್ಕೆ ರೇಡಿಯೋದಷ್ಟೇ ಹಳೆಯ ಕಾರಣವಿದೆ. 1940ರ ದಶಕದ ಕೊನೆಯಲ್ಲಿ ಬಿಬಿಸಿ ತನ್ನ ಮನರಂಜನಾ ಕಾರ್ಯಕ್ರಮಗಳ ಬರಹಗಾರರಿಗೆ ಕೊಟ್ಟ ನಿಯಮಪುಸ್ತಕ, ಗಂಡಸರ ಹೆಣ್ಣಿಗತನದ ಬಗ್ಗೆ ಹಾಸ್ಯ ಮಾಡುವುದನ್ನು ಪೂರ್ತಿ ನಿಷೇಧಿಸಿತ್ತು. ಮುಂದೆ 1965ರಿಂದ 1968ರವರೆಗೆ ಪ್ರಸಾರವಾದ ‘ರೌಂಡ್ ದ ಹಾರ್ನ್’ ಎಂಬ ರೇಡಿಯೋ ಹಾಸ್ಯದಲ್ಲಿ ಜೂಲಿಯನ್ ಮತ್ತು ಸ್ಯಾಂಡಿ ಎಂಬ ಇಬ್ಬರು ಗಂಡಸರು ಬಂದು, ಆ ಕಾಲದ ಸಲಿಂಗಪ್ರೇಮಿ ಗಂಡಸರ ಪೊಲಾರಿ ಎಂಬ ಗುಟ್ಟಿನ ನುಡಿಯಲ್ಲಿ ಮಾತಾಡಿ, ಹೇಳಬಾರದ್ದನ್ನೆಲ್ಲ ಹೇಳದೆಯೇ ಕೇಳಿಸಿಬಿಟ್ಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಯಸ್ಕ ಗಂಡಸರಿಬ್ಬರ ಖಾಸಗಿ ಸಂಬಂಧ ಅಪರಾಧವಲ್ಲವೆಂದು ಕಾನೂನಾದದ್ದೇ 1967ರಲ್ಲಿ. ಆ ಇಕ್ಕಟ್ಟಿನಲ್ಲಿ ಅವರಿಬ್ಬರು ಮಾಡಿದ್ದು ಧೈರ್ಯದ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಮುಚ್ಚಿಡಲೇಬೇಕಿದ್ದ ಕಾಲದಲ್ಲಿ ಹುಟ್ಟಿದ ಆ ಸಂಕೇತ, ಮುಚ್ಚಿಡಬೇಕಿಲ್ಲದ ಕಾಲಕ್ಕೂ ನಟರ ಗಂಟಲಲ್ಲಿ ಉಳಿದುಕೊಂಡಿದೆ. ಗಂಡಸನ್ನು ಪ್ರೀತಿಸುವ ಗಂಡಸಿನ ಪಾತ್ರವೆಂದು ಹೇಳಿ ಕಾಗದ ಕೈಗೆ ಕೊಟ್ಟೊಡನೆ ಒಳ್ಳೆಯ ನಟರೂ ಮಾತಿನ ಕೊನೆಯನ್ನು ಎಳೆಯತೊಡಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಿಜವಾಗಿ ಹಾಗೆ ಮಾತಾಡುವವರಿದ್ದಾರೆ, ಅವರ ಬಗ್ಗೆಯೂ ನಾಟಕ ಬರಬೇಕು. ಆದರೆ ಗಂಟಲ ತಂತುಗಳಿಗೆ ಯಾರ ಮೇಲೆ ಯಾರಿಗೆ ಪ್ರೀತಿ ಎಂಬುದು ತಿಳಿಯದು. ಮೇಧಾಳ ಪಾತ್ರ ಮಾಡುವವರಿಗೆ ದನಿ ಒರಟು ಮಾಡಲು ಹೇಳಬೇಡಿ. ಇಂಜಿನಿಯರ್‌ಗೆ ಎಂಥ ದನಿ ಬೇಕೋ ಅದು ಸಾಕು.

ಹಾಗಾದರೆ ಕೇಳಿಸುವುದು ಯಾವುದರಿಂದ? ಯಾರು ಯಾರೊಡನೆ ಹೇಗೆ ಮಾತಾಡುತ್ತಾರೆ ಎಂಬುದರಿಂದ. 2012ರಲ್ಲಿ ಶುರುವಾದ ‘ವೆಲ್‌ಕಮ್ ಟು ನೈಟ್ ವೇಲ್’ ಎಂಬ ಆಡಿಯೋ ನಾಟಕ ಮರುಭೂಮಿಯ ವಿಚಿತ್ರ ಊರೊಂದರ ರೇಡಿಯೋ ವಾರ್ತೆಯ ರೂಪದಲ್ಲಿದೆ. ಮೊದಲ ಕಂತಿನಲ್ಲೇ ಊರಿಗೆ ಕಾರ್ಲೋಸ್ ಎಂಬ ವಿಜ್ಞಾನಿ ಬರುತ್ತಾನೆ. ವಾರ್ತೆ ಓದುವ ಸೆಸಿಲ್ ಅವನ ಕೂದಲಿನ ಅಂದವನ್ನೂ, ತಾನು ಕಂಡೊಡನೆ ಅವನನ್ನು ಪ್ರೀತಿಸಿದ್ದನ್ನೂ ಉಳಿದ ಸುದ್ದಿಗಳ ನಡುವೆ ಒಂದು ಸುದ್ದಿಯಾಗಿ ಹೇಳಿಬಿಡುತ್ತಾನೆ. ತಾನು ಎಂಥವನೆಂದು ವಿವರಿಸುವುದಿಲ್ಲ. ವಿವರಿಸಬೇಕೆಂಬುದೇ ಅವನಿಗೆ ಹೊಳೆಯದಿರುವುದರಲ್ಲಿ ಆ ಊರಿನ ಸ್ವಭಾವ ನಮಗೆ ತಿಳಿಯುತ್ತದೆ. ಅವರಿಬ್ಬರು ಕಾರಿನ ಮೇಲೆ ಒತ್ತಾಗಿ ಕೂರುವುದಕ್ಕೆ ಕೇಳುಗರು ಒಂದು ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯೇ ಪ್ರೀತಿಯನ್ನು ನಂಬುವಂತೆ ಮಾಡಿತು.

ವಿಜ್ಞಾನ ಕಥೆಯ ಆಡಿಯೋ ನಾಟಕಗಳಲ್ಲಿ ಕ್ವಿಯರ್, ಅಂದರೆ ಲಿಂಗತ್ವದಲ್ಲಿ ಅಥವಾ ಪ್ರೀತಿಯಲ್ಲಿ ರೂಢಿಗಿಂತ ಬೇರೆಯಾದ, ಪಾತ್ರಗಳಿಗೆ ಇಷ್ಟು ವಿಶಾಲವಾದ ಜಾಗ ಸಿಕ್ಕಿದ್ದಕ್ಕೆ ಎರಡು ಕಾರಣಗಳಿವೆ ಎಂದು ನಾನು ಭಾವಿಸುತ್ತೇನೆ. ಒಂದು ತೀರ ವ್ಯಾವಹಾರಿಕ: ಒಂದು ಗುಂಯ್‌ಗುಡುವ ಸದ್ದು, ಒಂದು ಬಾಗಿಲು ಜಾರುವ ಸದ್ದು ಇದ್ದರೆ ನೌಕೆ ಸಿದ್ಧವಾಗುತ್ತದೆ, ಪಾಡ್‌ಕಾಸ್ಟ್ ಆಗಿ ಹೊರತರಲು ಯಾವ ಪ್ರಸಾರ ಸಂಸ್ಥೆಯ ಒಪ್ಪಿಗೆಯೂ ಬೇಕಿಲ್ಲ, ಆದ್ದರಿಂದ ಬೇರೆ ಕಡೆ ಬಾಗಿಲು ತೆರೆಯದ ಬರಹಗಾರರು ಇಲ್ಲಿಗೆ ಬಂದರು. ಎರಡನೆಯದು ಕಲೆಗೆ ಸಂಬಂಧಿಸಿದ್ದು. ಈ ನಾಟಕಗಳಲ್ಲಿ ಬಹಳಷ್ಟು, ಯಾರೋ ಯಾರಿಗೋ ರೆಕಾರ್ಡ್ ಮಾಡಿದ ಮಾತಿನ ರೂಪದಲ್ಲಿರುತ್ತವೆ. ಮಾತು ಯಾರಿಗಾಗಿ ಎಂಬ ಪ್ರಶ್ನೆ ಅಲ್ಲಿ ತಾನಾಗಿ ಏಳುತ್ತದೆ, ಮತ್ತು ಅದರ ಉತ್ತರವೇ ಪ್ರೀತಿಯಾಗಿರಬಹುದು. 2016ರಿಂದ 2018ರವರೆಗೆ ಬಂದ ‘ಆಲಿಸ್ ಇಸಂಟ್ ಡೆಡ್’ನಲ್ಲಿ ಲಾರಿ ಓಡಿಸುವ ಹೆಂಗಸೊಬ್ಬಳು ಕಾಣೆಯಾದ ತನ್ನ ಹೆಂಡತಿಯನ್ನು ಹುಡುಕುತ್ತಾ ಅವಳನ್ನೇ ಉದ್ದೇಶಿಸಿ ಮಾತಾಡುತ್ತಾಳೆ. 2016ರಲ್ಲೇ ಶುರುವಾದ ‘ವಿದಿನ್ ದ ವೈರ್ಸ್’ನ ಮೊದಲ ಭಾಗವಂತೂ ಮನಸ್ಸು ಹಗುರಗೊಳಿಸುವ ಕ್ಯಾಸೆಟ್‌ಗಳಂತೆ ಕೇಳಿಸುತ್ತದೆ: ಉಸಿರು ಎಳೆದುಕೊಳ್ಳಿ, ಬಿಡಿ ಎನ್ನುವ ಒಂದು ಹೆಣ್ಣುದನಿ, ಸಂಸ್ಥೆಯೊಂದರಲ್ಲಿ ಬಂಧಿಯಾಗಿರುವ ಇನ್ನೊಬ್ಬಳಿಗೆ ಆ ಸೂಚನೆಗಳ ನಡುವೆಯೇ ಹಳೆಯ ನೆನಪನ್ನೂ ತಪ್ಪಿಸಿಕೊಳ್ಳುವ ದಾರಿಯನ್ನೂ ತಲುಪಿಸುತ್ತದೆ. ನಿಮ್ಮ ನಾಟಕದಲ್ಲೂ ಮೇಧಾಳ ದಿನಚರಿಯ ರೆಕಾರ್ಡಿಂಗ್‌ಗಳಿವೆ. ಅವು ಸದ್ಯಕ್ಕೆ ಯಾರನ್ನೂ ಉದ್ದೇಶಿಸಿಲ್ಲ. ಅಲ್ಲಿ ಒಂದು ಅವಕಾಶ ಸುಮ್ಮನೆ ಬಿದ್ದಿದೆ.

ಇನ್ನೊಂದು ಅವಕಾಶವನ್ನು ಕನ್ನಡವೇ ನಿಮ್ಮ ಕೈಗೆ ಕೊಟ್ಟಿದೆ. ಮೊದಲ ಕಂತಿನಲ್ಲಿ ಮೇಧಾ ನೌಕೆಯ ಹೊರಗೆ ಹೋಗಿ ಕಿತ್ತುಹೋದ ಫಲಕವನ್ನು ಕೂರಿಸುವ ದೃಶ್ಯವಿದೆ. ಸಲಿಂಗಪ್ರೇಮಿ ಎಂಬ ಮಾತು ಬರುವುದು ಅದಾದ ಮೇಲಿನ ಊಟದ ಹೊತ್ತಿನಲ್ಲಿ. ಆ ಮಾತನ್ನು ತೆಗೆದುಹಾಕಿ, ಅದರ ಕೆಲಸವನ್ನು ಹೊರಗಿನ ದೃಶ್ಯಕ್ಕೇ ವಹಿಸಿ ಎಂಬುದು ನನ್ನ ಸಲಹೆ. ಕೆಲಸದ ಹೊತ್ತಿನಲ್ಲಿ, ಎಲ್ಲರಿಗೂ ಕೇಳಿಸುವ ಚಾನೆಲ್‌ನಲ್ಲಿ ಮೇಧಾ ಮತ್ತು ವಾರುಣಿ ಪರಸ್ಪರ ‘ನೀವು’ ಎನ್ನುತ್ತಾರೆಂದು ಇಟ್ಟುಕೊಳ್ಳಿ.

ಮೇಧಾ: ಡಾಕ್ಟರ್, ನಲವತ್ತು ನಿಮಿಷಕ್ಕೆ ಸಾಕಾಗೋಷ್ಟು ಗಾಳಿ ಇದೆ. ನೀವು ಗಡಿಯಾರ ನೋಡ್ತಾ ಕೂರಬೇಡಿ.
ವಾರುಣಿ: ನೋಡ್ತಾ ಇದ್ದೀನಿ. ನೀವು ಹೊರಗೆ ಹೋಗಿ ಮೂವತ್ತಾರು ನಿಮಿಷ ಆಯ್ತು.
(ಲೋಹ ಸೀಳುವ ಸದ್ದು. ಮೇಧಾಳ ಉಸಿರು ಒಮ್ಮೆ ನಿಲ್ಲುತ್ತದೆ.)
ವಾರುಣಿ: ಬಿಟ್ಟುಬಿಡು ಅದನ್ನ. ಮೇಧಾ, ಬಿಡು. ಬಾ ನೀನು ಒಳಗೆ.
(ಬರೀ ಉಸಿರು.)
ಕ್ಯಾಪ್ಟನ್: ಡಾಕ್ಟರ್ ಹೇಳಿದ ಹಾಗೆ ಮಾಡಿ, ಮೇಧಾ. ಇಲ್ಲದಿದ್ದರೆ ವಾರವಿಡೀ ಊಟದ ಹೊತ್ತಲ್ಲಿ ಅವರ ಮೌನ ನಾವೆಲ್ಲ ಸಹಿಸಬೇಕು.

‘ನೀವು’ ಹೋಗಿ ‘ನೀನು’ ಬಂದ ಆ ಒಂದು ಜಾಗದಲ್ಲಿ ಕನ್ನಡದ ಕಿವಿ ತಾನಾಗಿ ನಿಗುರುತ್ತದೆ. ಭಯದಲ್ಲಿ ಜಾರಿದ ಏಕವಚನ ಎಷ್ಟು ದಿನದ ಸಲುಗೆ ಎಂಬುದನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ಹೇಳುತ್ತದೆ. ಕ್ಯಾಪ್ಟನ್ ಮಾತಿನಿಂದ ನೌಕೆಯಲ್ಲಿ ಎಲ್ಲರಿಗೂ ಇದು ಗೊತ್ತು, ಯಾರಿಗೂ ಇದು ದೊಡ್ಡ ವಿಷಯವಲ್ಲ ಎಂಬುದೂ ತಿಳಿಯುತ್ತದೆ. ನಿಮ್ಮ ಗೆಳೆಯರು ಬಯಸಿದ ಲೋಕ ಹೀಗೆ ಕಿವಿಗೆ ಸಿಗುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ, ಏಕೆಂದರೆ ಏಕವಚನವೊಂದರಿಂದಲೇ ಪ್ರೀತಿ ಖಚಿತವಾಗುವುದಿಲ್ಲ. ಅವರು ಅಕ್ಕತಂಗಿಯರೋ ಹಳೆಯ ಗೆಳತಿಯರೋ ಆಗಿರಬಹುದು, ಮತ್ತು ‘ಗೆಳತಿಯರಿರಬೇಕು’ ಎಂಬ ತೀರ್ಮಾನಕ್ಕೆ ಜಾರಿಕೊಳ್ಳಲು ಕೇಳುಗರು ಯಾವಾಗಲೂ ಸಿದ್ಧರಾಗಿರುತ್ತಾರೆ. ಒಳಗೆ ಬಂದ ಮೇಲೆ ಇನ್ನೊಂದು ಸಣ್ಣ ದೃಶ್ಯ ಬೇಕು. ಹೆಲ್ಮೆಟ್ಟಿನ ರೇಡಿಯೋದಲ್ಲಿ ಬರುವ ದನಿಗೆ ಸಾಮಾನ್ಯವಾಗಿ ಹಳೆಯ ದೂರವಾಣಿಯಂತೆ 300ರಿಂದ 3400 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನಗಳ) ಭಾಗವನ್ನಷ್ಟೇ ಉಳಿಸುತ್ತೇವೆ. ಹೆಲ್ಮೆಟ್ ತೆಗೆಯುವ ಸದ್ದಿನೊಡನೆ ಆ ಸೋಸುವಿಕೆಯನ್ನು ತೆಗೆದು, ಇಬ್ಬರನ್ನೂ ಮೈಕಿಗೆ ಒಂದು ಗೇಣಿನಷ್ಟು ಹತ್ತಿರ ನಿಲ್ಲಿಸಿ. ಒಂದು ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್‌ಗಳಲ್ಲಿ, ಹತ್ತಿರ ಹೋದಷ್ಟೂ ದನಿಯ ತಗ್ಗಿನ ಭಾಗ ತುಂಬಿಕೊಳ್ಳುತ್ತದೆ. ಕಿವಿಯ ಪಕ್ಕದಲ್ಲೇ ಯಾರೋ ಮಾತಾಡಿದಂತೆ ಆಗುತ್ತದೆ. ಅಲ್ಲಿ ವಾರುಣಿ ‘ನಿನ್ನ ಕಡೆಯ ಹಾಸಿಗೆ ತಣ್ಣಗಿದ್ದರೆ ನನಗೆ ನಿದ್ದೆ ಬರೋದಿಲ್ಲ, ಗೊತ್ತಲ್ಲ’ ಎಂದರೆ ಸಾಕು. ಆ ಮೇಲೆ ಯಾವ ಕೇಳುಗರೂ ಅವರನ್ನು ಅಕ್ಕತಂಗಿಯರೆಂದು ತಿಳಿಯುವುದಿಲ್ಲ.

‘ನಮ್ಮನೆಯವರು’, ‘ಸಂಗಾತಿ’ ಎಂಬಂಥ ಮಾತುಗಳಿಂದ ಕೆಲಸ ಮುಗಿಸಬಹುದೆಂದು ನಿಮಗೆ ಅನ್ನಿಸಬಹುದು. ಅವು ಚೆಲುವಾದ ಪದಗಳು, ಆದರೆ ಅವು ಲಿಂಗವನ್ನು ಹೇಳುವುದಿಲ್ಲ. ತಮ್ಮ ಪ್ರೀತಿಯನ್ನು ಮುಚ್ಚಿಟ್ಟುಕೊಳ್ಳಬೇಕಾದವರಿಗೆ ಅವು ಆಸರೆ ಕೊಡುವುದೂ ಆ ಗುಣದಿಂದಲೇ. ಮುಚ್ಚಿಟ್ಟುಕೊಳ್ಳುವ ಪಾತ್ರವೊಂದಿದ್ದರೆ ಬಳಸಿ. ಮೇಧಾ ವಾರುಣಿಯ ಬಗ್ಗೆ ಮಾತಾಡುವಾಗ ‘ಅವಳು’ ಎಂಬ ನೇರ ಪದವೇ ಸರಿ.

ಹೆಸರಿಟ್ಟು ಹೇಳುವುದು ಎಂದೂ ಕೂಡದು ಎಂದು ನಾನು ಹೇಳುತ್ತಿಲ್ಲ. ಸಂಬಂಧದಿಂದ ಕೇಳಿಸುವ ಈ ದಾರಿ ಜೋಡಿಗಳಿಗೆ ಒಗ್ಗುತ್ತದೆ, ಎಲ್ಲರಿಗೂ ಒಗ್ಗುವುದಿಲ್ಲ. 2015ರಿಂದ 2018ರವರೆಗೆ ಬಂದ ‘ಆರ್ಸ್ ಪ್ಯಾರಡಾಕ್ಸಿಕಾ’ದಲ್ಲಿ ಆಕಸ್ಮಿಕವಾಗಿ 1943ಕ್ಕೆ ಹೋಗಿ ಬೀಳುವ ಭೌತವಿಜ್ಞಾನಿ ಸ್ಯಾಲಿ ಗ್ರಿಸಮ್ ಏಸೆಕ್ಷುಯಲ್, ಅಂದರೆ ಯಾರ ಕಡೆಗೂ ಲೈಂಗಿಕ ಸೆಳೆತ ಇಲ್ಲದವಳು. ಇಲ್ಲದಿರುವ ಸೆಳೆತ ಕಿವಿಗೆ ಕೇಳಿಸುವುದು ಹೇಗೆ? ಅಂಥ ಕಡೆ ಬಾಯಿಬಿಟ್ಟು ಆಡುವ ಮಾತೇ ಬೇಕಾಗುತ್ತದೆ. ಆ ಮಾತಿಗೆ ಎದುರಿನವರಿಂದ ಒಂದು ಪ್ರಶ್ನೆ, ಒಂದು ಸಂದರ್ಭ ಇದ್ದರೆ ಅದು ಭಾಷಣವಾಗುವುದಿಲ್ಲ. ನಿಮ್ಮ ಮೇಧಾಳ ಮಾತು ಕೆಟ್ಟದ್ದು ಅದರಲ್ಲಿರುವ ಪದದಿಂದಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರಿಗೂ ಹೇಳುತ್ತಿರುವುದರಿಂದ.

ಇನ್ನು ಕಿರಣ ಅವರ ವಿಷಯ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ.

ದನಿಯಿಂದ ಶುರುಮಾಡೋಣ. ವಯಸ್ಕ ಗಂಡಸರ ಮಾತಿನ ಸರಾಸರಿ ಸ್ಥಾಯಿ ಸುಮಾರು 120 ಹರ್ಟ್ಸ್, ಹೆಂಗಸರದು ಸುಮಾರು 200 ಹರ್ಟ್ಸ್ ಎನ್ನುತ್ತಾರೆ; ಆದರೆ ಇವೆರಡರ ಹರವು ನಡುವೆ ಒಂದರ ಮೇಲೊಂದು ಹಬ್ಬಿಕೊಂಡಿರುತ್ತದೆ, ಮತ್ತು ಕಿವಿ ಸ್ಥಾಯಿಯೊಂದನ್ನೇ ಅಲ್ಲದೆ ಗಂಟಲು ಬಾಯಿಗಳ ಅನುರಣನ, ಮಾತಿನ ಏರಿಳಿತ ಎಲ್ಲವನ್ನೂ ಸೇರಿಸಿ ತೀರ್ಮಾನಿಸುತ್ತದೆ. ಆದ್ದರಿಂದ ಕಿರಣ ಅವರಿಗೆ ಸರಿಯಾಗಿ ನಡುವಿನ ದನಿಯೇ ಬೇಕೆಂದು ಹುಡುಕಬೇಕಿಲ್ಲ. ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ತಿಳಿದವರ ದನಿ ದಪ್ಪಗಿರಬಹುದು, ತೆಳ್ಳಗಿರಬಹುದು, ಲೋಕದಲ್ಲಿ ಹಾಗೆಯೇ ಇದೆ. ಎರಡು ದನಿಗಳನ್ನು ಬೆರೆಸುವುದು ಅಥವಾ ಕಂಪ್ಯೂಟರ್‌ನಿಂದ ಬದಲಿಸುವುದು ನಿಮಗೆ ಹೊಳೆದಿರಬಹುದು. ವಿಜ್ಞಾನ ಕಥೆಯಲ್ಲಿ ಅದರಷ್ಟು ಅಪಾಯದ ಆಯ್ಕೆ ಇನ್ನೊಂದಿಲ್ಲ: ಈ ಪ್ರಕಾರದಲ್ಲಿ ಯಂತ್ರಸಂಸ್ಕಾರಗೊಂಡ ದನಿ ಎಂದರೆ ರೋಬೋ ಅಥವಾ ಅನ್ಯಗ್ರಹದ ಜೀವಿ ಎಂದು ಕೇಳುಗರ ಕಿವಿ ದಶಕಗಳಿಂದ ಪಳಗಿದೆ. ಏಳು ಮನುಷ್ಯರ ನೌಕೆಯಲ್ಲಿ ಕಿರಣ ಒಬ್ಬರನ್ನು ನೀವು ಮನುಷ್ಯಕುಲದಿಂದ ಹೊರಗಿಟ್ಟಂತಾಗುತ್ತದೆ. ಎರಡನೆಯ ಕಂತಿನ ಕೊನೆಗೆ ಬರುವ ಮೂರು ಲಿಂಗಗಳ ಗ್ರಹವಾಸಿಗಳ ಬಗ್ಗೆಯೂ ಇದನ್ನೇ ಹೇಳುತ್ತೇನೆ. ಅವರು ಇರಲಿ, ಚೆನ್ನಾಗಿದ್ದಾರೆ; ಮನುಷ್ಯರಲ್ಲೂ ಕಿರಣ ಇರುವುದರಿಂದಲೇ ಆ ಕಲ್ಪನೆ ನಿಲ್ಲುತ್ತದೆ.

ಟ್ರಾನ್ಸ್, ಅಂದರೆ ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕಿಂತ ಬೇರೆಯದು ತಮ್ಮದೆಂದು ತಿಳಿದ, ಕಲಾವಿದರೊಡನೆ ಕೆಲಸ ಮಾಡುವಾಗ ತಿಳಿದಿರಬೇಕಾದ ಒಂದು ಸಂಗತಿಯಿದೆ. ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನಿನ ಚಿಕಿತ್ಸೆಯಿಂದ ಗಂಟಲ ತಂತುಗಳು ದಪ್ಪವಾಗಿ ದನಿ ಕೆಲವು ತಿಂಗಳುಗಳಲ್ಲಿ ಇಳಿಯತೊಡಗುತ್ತದೆ. ಆದರೆ ಒಮ್ಮೆ ಒಡೆದ ದನಿಯನ್ನು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಮೇಲಕ್ಕೇರಿಸುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ ದನಿಯ ಅಭ್ಯಾಸವೇ ಬೇಕು. ಹಾಗಾಗಿ ಟ್ರಾನ್ಸ್ ಹೆಂಗಸೊಬ್ಬರಿಗೆ ‘ಇನ್ನೂ ಸ್ವಲ್ಪ ಹೆಣ್ಣಿನಂತೆ’ ಎಂದು ಮೈಕಿನ ಈಚೆಯಿಂದ ಹೇಳುವುದು ಅವರಿಗೆ ಎಷ್ಟು ಆಳಕ್ಕೆ ಇರಿಯಬಹುದೆಂದು ಯೋಚಿಸಿ. ಚಿಕಿತ್ಸೆ ಶುರುಮಾಡಿರುವ ಕಲಾವಿದರಿದ್ದರೆ ಆರೂ ಕಂತುಗಳನ್ನು ಹತ್ತಿರ ಹತ್ತಿರದ ದಿನಗಳಲ್ಲಿ ರೆಕಾರ್ಡ್ ಮಾಡಿ. ಇಲ್ಲವೇ ದನಿ ಬದಲಾದದ್ದನ್ನು ಅವರ ಒಪ್ಪಿಗೆಯಿಂದ ಕಥೆಯೊಳಗೇ ತನ್ನಿ.

ಈಗ ಕ್ರಿಯಾಪದ. 1969ರಲ್ಲಿ ಉರ್ಸುಲಾ ಲ ಗ್ವಿನ್ ಸ್ಥಿರವಾದ ಗಂಡು ಹೆಣ್ಣಿನ ಭೇದವಿಲ್ಲದ ಜನರ ಗ್ರಹವೊಂದರ ಕಾದಂಬರಿ ಬರೆದಾಗ ಅವರೆಲ್ಲರನ್ನೂ ಇಂಗ್ಲಿಷಿನ ಪುಲ್ಲಿಂಗ ಸರ್ವನಾಮದಿಂದಲೇ ಕರೆದರು. ಆ ನಿರ್ಧಾರವನ್ನು ಮುಂದೆ ಅವರೇ ಪ್ರಬಂಧವೊಂದರಲ್ಲಿ ಮರುವಿಮರ್ಶೆ ಮಾಡಿಕೊಂಡರು. ಕನ್ನಡದಲ್ಲಿ ಪ್ರಥಮ ಪುರುಷದ ‘ಬಂದನು, ಬಂದಳು’ ಎಂಬಲ್ಲಿ ಕ್ರಿಯಾಪದವೇ ಲಿಂಗ ಹೇಳಿಬಿಡುವುದರಿಂದ ನಮಗೆ ಕಷ್ಟ ಹೆಚ್ಚೆಂದು ತೋರುತ್ತದೆ. ಆದರೆ ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗವಿಲ್ಲ, ಮತ್ತು ನಾಟಕವೆಂದರೆ ಬಹುಪಾಲು ನಾನು ನೀನುಗಳ ಮಾತೇ. ‘ಬಂದಿಲ್ಲ, ಬರಲಿಲ್ಲ, ಬರಬೇಕು, ಬರಬಹುದು, ಬರಲಿ’ ಎಂಬ ಯಾವ ರೂಪದಲ್ಲೂ ಲಿಂಗವಿಲ್ಲ. ‘ಗೊತ್ತು, ಬೇಕು, ಇಷ್ಟ, ನೆನಪಿದೆ, ಹಸಿವಾಗಿದೆ’ ಎಂಬವುಗಳಲ್ಲೂ ಇಲ್ಲ. ‘ಪಥ ಬದಲಿಸಿದ್ದು ಯಾರು?’ ಎಂದರೆ ಉತ್ತರಕ್ಕೆ ಹೆಸರೊಂದೇ ಸಾಕು. ಒಂದು ಸಂಜೆ ಕೂತು ಇಂಥ ವಾಕ್ಯಗಳನ್ನು ಬರೆದು ನೋಡಿ, ಎಷ್ಟು ಸಹಜವಾಗಿ ಬರುತ್ತವೆಂದು ನಿಮಗೇ ತಿಳಿಯುತ್ತದೆ.

ಪೆನ್ನು ನಿಲ್ಲುವುದು ‘ಕಿರಣನಿಗೆ, ಕಿರಣಳಿಗೆ’ ಎಂಬಲ್ಲಿ ಎಂದು ಬರೆದಿದ್ದೀರಿ. ಅದಕ್ಕೆ ಕಾರಣ ಪಾತ್ರವಲ್ಲ, ಹೆಸರಿನ ಕೊನೆಯ ಅಕಾರ. ಅಕಾರದಲ್ಲಿ ಕೊನೆಯಾಗುವ ಮನುಷ್ಯರ ಹೆಸರಿಗೆ ವಿಭಕ್ತಿ ಸೇರುವಾಗ ‘ನ’ಕಾರವೋ ‘ಳ’ಕಾರವೋ ನುಸುಳಲೇಬೇಕು. ಹೆಸರು ಇಕಾರದಲ್ಲಿ ಕೊನೆಯಾದರೆ ಈ ತೊಡಕೇ ಇಲ್ಲ: ಶಶಿಗೆ, ಶಶಿಯ, ಶಶಿಯಿಂದ, ಶಶಿಯನ್ನು. ನಿಮ್ಮ ಪಾತ್ರಕ್ಕೆ ಶಶಿ ಎಂದು ಹೆಸರಿಡಿ ಎಂಬುದು ನನ್ನ ಬಲವಾದ ಸಲಹೆ. ಆ ಹೆಸರಿನ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಇಲ್ಲಿಂದ ಮುಂದೆ ನಾನೂ ಹಾಗೆಯೇ ಕರೆಯುತ್ತೇನೆ.

ಉಳಿದದ್ದು ‘ಅವರು’. ಅದು ಲಿಂಗರಹಿತವಾದ, ಎಲ್ಲರಿಗೂ ಗೊತ್ತಿರುವ ಪದ. ಅದರ ಅಪಾಯವೆಂದರೆ ಗೌರವದ ಜೊತೆಗೆ ದೂರವನ್ನೂ ತರುವುದು: ಉಳಿದ ಆರು ಜನರನ್ನು ಅವನು ಅವಳು ಎಂದು, ಶಶಿಯನ್ನು ಮಾತ್ರ ಅವರು ಎಂದರೆ ಶಶಿ ನೌಕೆಯ ಹಿರಿಯರಂತೆ ಅಥವಾ ಹೊರಗಿನವರಂತೆ ಕೇಳಿಸುತ್ತಾರೆ. ಕೆಲಸದ ಮಾತಿನಲ್ಲಿ ಎಲ್ಲರೂ ಎಲ್ಲರನ್ನೂ ಅವರು ಎನ್ನುವ ಪದ್ಧತಿಯನ್ನು ನೌಕೆಗೆ ಕೊಟ್ಟರೆ ಈ ವ್ಯತ್ಯಾಸ ಅಳಿಯುತ್ತದೆ, ಮೇಲೆ ಹೇಳಿದ ‘ನೀವು ನೀನು’ ದೃಶ್ಯಕ್ಕೂ ಅದೇ ಹಿನ್ನೆಲೆಯಾಗುತ್ತದೆ. ಶಶಿಯ ಆಪ್ತರು ಮಾತ್ರ ಸಲುಗೆಯಲ್ಲಿ ‘ಶಶಿ ಎಲ್ಲಿ? ಊಟಕ್ಕೆ ಬಂದಿಲ್ಲ’ ಎಂದು ಹೆಸರಿಂದಲೇ ಸಾಗಲಿ. ಇನ್ನೊಂದು ಆಯ್ಕೆಯೂ ಇದೆ: ಶಶಿ ತನ್ನನ್ನು ‘ಅವನು’ ಎಂದೋ ‘ಅವಳು’ ಎಂದೋ ಕರೆಯಿರಿ ಎನ್ನಬಹುದು. ‘ಪೆನಂಬ್ರಾ ಪಾಡ್‌ಕಾಸ್ಟ್’ನಲ್ಲಿ ಮಂಗಳ ಗ್ರಹದ ಪತ್ತೇದಾರ ಜೂನೋ ಸ್ಟೀಲ್ ನಾನ್‌ಬೈನರಿ, ಅಂದರೆ ಶಶಿಯಂತೆ ಗಂಡು ಹೆಣ್ಣು ಎಂಬ ಎರಡರಲ್ಲಿ ಸೇರದ ವ್ಯಕ್ತಿ, ಆದರೂ ಅವನಿಗೆ ಬಳಸುವುದು ಪುಲ್ಲಿಂಗ ಸರ್ವನಾಮವನ್ನೇ. ಲಿಂಗತ್ವ ಮತ್ತು ಸರ್ವನಾಮ ಎರಡೂ ಒಂದೇ ಅಲ್ಲ. ಆದರೆ ಆರೇ ಕಂತುಗಳ ನಾಟಕದಲ್ಲಿ ಇದನ್ನು ಕೇಳುಗರಿಗೆ ಮನವರಿಕೆ ಮಾಡಲು ನಿಮಗೆ ಬಹಳ ಮಾತು ಬೇಕಾದೀತು.

ವಾರುಣಿಯ ಸಾವಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕ್ವಿಯರ್ ಪಾತ್ರ ಸಾಯಲೇಬಾರದೆಂಬ ನಿಯಮವಿಲ್ಲ. ಆದರೆ ಆ ಸಾವಿಗೆ ಒಂದು ಚರಿತ್ರೆಯಿದೆ: ಸಲಿಂಗಪ್ರೇಮಿ ಪಾತ್ರಗಳಿಗೆ ಸುಖ ಸಿಕ್ಕ ಕೂಡಲೇ ಸಾವು ಬರುವ ಕಥೆಗಳು ಎಷ್ಟು ಬಂದಿವೆಯೆಂದರೆ, ಅದು ಕೇಳುಗರ ಪಾಲಿಗೆ ಒಂದು ಕಥೆಯ ನಷ್ಟವಾಗಿ ಉಳಿಯದೆ ಮತ್ತೆ ಮತ್ತೆ ಬೀಳುವ ಪೆಟ್ಟಾಗಿದೆ. 2016ರ ಮಾರ್ಚ್‌ನಲ್ಲಿ ‘ದ ಹಂಡ್ರೆಡ್’ ಎಂಬ ವಿಜ್ಞಾನ ಕಥೆಯ ಟಿವಿ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ನಾಯಕಿ ತಾನು ಪ್ರೀತಿಸಿದವಳೊಡನೆ ಒಂದಾದ ಸ್ವಲ್ಪ ಹೊತ್ತಿಗೇ, ಬೇರೆ ಯಾರಿಗೋ ಹಾರಿಸಿದ ಗುಂಡಿಗೆ ಸತ್ತಾಗ ಎದ್ದ ಪ್ರತಿಭಟನೆಗೆ ಹಿನ್ನೆಲೆ ಇದೇ. ನಿಮ್ಮ ಸಾರಾಂಶದಲ್ಲಿ ನಾಲ್ಕನೆಯ ಕಂತಿನ ಕೊನೆಗೆ ಮೇಧಾ ಮತ್ತು ವಾರುಣಿ ತಿಂಗಳುಗಳ ಮುನಿಸು ಮುಗಿಸಿ ಒಂದಾಗುತ್ತಾರೆ, ಐದನೆಯದರ ಆರಂಭದಲ್ಲಿ ಕೊಳವೆ ಸಿಡಿದು ವಾರುಣಿ ಸಾಯುತ್ತಾಳೆ. ಅದೇ ಅಚ್ಚು. ನೀವು ಬೇಕೆಂದು ಮಾಡಿದ್ದಲ್ಲವೆಂದು ನನಗೆ ಗೊತ್ತು; ನಮ್ಮೆಲ್ಲರ ಕೈಗೂ ಆ ಅಚ್ಚು ತಾನಾಗಿ ಸಿಗುತ್ತದೆ.

ಸಾವನ್ನು ಉಳಿಸಿಕೊಳ್ಳುವುದಾದರೆ ಅದು ವಾರುಣಿಯ ಸ್ವಂತ ನಿರ್ಧಾರದ ಫಲವಾಗಲಿ, ಮೇಧಾಳನ್ನು ಅಳಿಸುವ ಸಾಧನವಾಗದಿರಲಿ. ಜೊತೆಗೆ ನೌಕೆಯಲ್ಲಿ ಬೇರೆ ಕ್ವಿಯರ್ ಪಾತ್ರಗಳು ಬದುಕಿ ಸುಖವಾಗಿರುವುದು ಕೇಳಿಸಬೇಕು. ಆಗಲೂ ಕೆಲವು ಕೇಳುಗರು ನೊಂದು ನಿಮ್ಮ ನಾಟಕ ಬಿಟ್ಟುಹೋಗುತ್ತಾರೆ. ಅದನ್ನು ಒಪ್ಪಿಕೊಂಡೇ ಬರೆಯಬೇಕು. ಸತ್ತ ಮೇಲೂ ಅವಳ ರೆಕಾರ್ಡಿಂಗ್‌ಗಳು ಮಾತಾಡುತ್ತವೆ ಎಂಬ ಸೌಕರ್ಯ ಆಡಿಯೋಗೆ ಇದೆ, ಆದರೆ ಅದನ್ನು ಸಮಾಧಾನದ ಮಿಠಾಯಿಯಂತೆ ಹಂಚಬೇಡಿ. ನನ್ನ ಮನಸ್ಸು ಬೇರೆ ಕಡೆ ಇದೆ. ಕೊಳವೆ ಸಿಡಿಯಲಿ, ವಾರುಣಿ ಬದುಕಲಿ, ಆದರೆ ಅವಳ ಶ್ರವಣಶಕ್ತಿ ಹೋಗಲಿ. ಆರನೆಯ ಕಂತಿನಲ್ಲಿ ಮೇಧಾ ಅವಳೊಡನೆ ಮಾತಾಡುವುದು ಹೇಗೆ? ಅಂಗೈ ಮೇಲೆ ಬೆರಳಿಂದ ಬರೆದು, ಬರೆಯುತ್ತಾ ತಾನು ಬರೆದದ್ದನ್ನು ತನಗೇ ಮೆಲ್ಲಗೆ ಹೇಳಿಕೊಳ್ಳುತ್ತಾ. ಆ ಮೆಲುದನಿ ಕೇಳಿಸುವುದು ಕೇಳುಗರಿಗೆ ಮಾತ್ರ. ನಿಮ್ಮ ಕಥೆಯ ತೂಕ ಕಡಿಮೆಯಾಗದೆ, ಧ್ವನಿಯಲ್ಲಿ ಮಾತ್ರ ಸಾಧ್ಯವಾಗುವ ಒಂದು ಪ್ರೇಮದೃಶ್ಯ ನಿಮಗೆ ಸಿಗುತ್ತದೆ.

ಕಲಾವಿದರ ಆಯ್ಕೆಯಲ್ಲಿ ಎರಡು ನ್ಯಾಯಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆ. ತಮ್ಮ ಬದುಕಿನ ಪಾತ್ರ ಮಾಡುವ ಅವಕಾಶ ಆ ಸಮುದಾಯದವರಿಗೆ ಸಿಗಬೇಕು. ಅದೇ ಹೊತ್ತಿಗೆ, ತಾನು ಯಾರೆಂದು ಯಾರಿಂದಲೂ ಬಲವಂತವಾಗಿ ಹೇಳಿಸಬಾರದು. ನಾನು ಕೆಲಸ ಮಾಡಿದ ಸರಣಿಯೊಂದರಲ್ಲಿ ಪ್ರಚಾರದ ಉತ್ಸಾಹದಲ್ಲಿದ್ದ ನಿರ್ಮಾಪಕರೊಬ್ಬರು ನಟಿಯೊಬ್ಬರನ್ನು ಕೇಳದೆಯೇ ಅವರ ಖಾಸಗಿ ಸಂಗತಿಯನ್ನು ಜಾಹೀರಾತಿನಲ್ಲಿ ಬರೆದುಬಿಟ್ಟರು. ಆ ನಟಿಯ ಮನೆಯವರಿಗೆ ಅದು ಗೊತ್ತಾದದ್ದು ಹಾಗೆ. ಆ ಬರಹವನ್ನು ಅಚ್ಚಿಗೆ ಹೋಗುವ ಮೊದಲು ನಾನು ಓದಿದ್ದೆ, ತಡೆಯಲಿಲ್ಲ; ಅದು ಇಂದಿಗೂ ನನ್ನನ್ನು ಕಾಡುತ್ತದೆ. ಆದ್ದರಿಂದ ಆಡಿಷನ್ನಿನ ಪ್ರಕಟಣೆಯಲ್ಲಿ ಕ್ವಿಯರ್ ಮತ್ತು ಟ್ರಾನ್ಸ್ ಕಲಾವಿದರಿಗೆ ವಿಶೇಷ ಸ್ವಾಗತವೆಂದು ಬರೆಯಿರಿ, ಆದರೆ ಬಂದವರನ್ನು ಏನೂ ಕೇಳಬೇಡಿ. ಮೇಧಾ ಮತ್ತು ವಾರುಣಿಯ ಪಾತ್ರಗಳಿಗೆ ಇಷ್ಟು ಸಾಕೆಂದು ನನ್ನ ಅಭಿಪ್ರಾಯ. ಶಶಿಯ ಪಾತ್ರಕ್ಕೆ ಮಾತ್ರ, ಆ ಅನುಭವವನ್ನು ತಾವಾಗಿ ಹೇಳಿಕೊಂಡು ಬಂದವರು ಸಿಗುವವರೆಗೆ ಕಾಯಿರಿ. ಆ ಅನುಭವವಿದ್ದವರು ಒಂದು ವಾಕ್ಯ ಓದಿದಾಗಲೇ ನಿಮ್ಮ ಬರಹದಲ್ಲಿ ಎಲ್ಲಿ ಸುಳ್ಳಿದೆಯೆಂದು ತಿಳಿದುಬಿಡುತ್ತದೆ. ಮೊದಲ ಆಯ್ಕೆ ತಪ್ಪಾದರೆ ತಿದ್ದಿಕೊಳ್ಳಬಹುದು ಎಂಬುದಕ್ಕೂ ಉದಾಹರಣೆಯಿದೆ: ನೈಟ್ ವೇಲ್‌ನ ಕಾರ್ಲೋಸ್ ಪಾತ್ರಕ್ಕೆ ಮೊದಲು ದನಿ ಕೊಟ್ಟವರು ಅದರ ಲೇಖಕರಲ್ಲೊಬ್ಬರಾದ ಜೆಫ್ರಿ ಕ್ರೇನರ್, ಮುಂದೆ ಆ ಪಾತ್ರ ಡಿಲನ್ ಮ್ಯಾರನ್ ಅವರಿಗೆ ಹೋಯಿತು. ಕೇಳುಗರು ಹೊಸ ದನಿಯನ್ನು ಒಪ್ಪಿಕೊಂಡರು.

ಪ್ರತಿ ಕಂತಿನ ಸಂಭಾಷಣೆಯನ್ನು ಬರಹರೂಪದಲ್ಲೂ ಕೊಡಿ. ಕಿವಿ ಕೇಳದವರಿಗೆ ಅದು ಬೇಕೇ ಬೇಕು, ಮತ್ತು ಶಶಿಗೆ ‘ಅವರು’ ಎಂಬುದು ಕೈತಪ್ಪಿನಿಂದಾದದ್ದಲ್ಲವೆಂದು ಅಲ್ಲಿ ಸ್ಪಷ್ಟವಾಗುತ್ತದೆ.

ಹೊರಗಿನ ದೃಶ್ಯವನ್ನು ಹೊಸದಾಗಿ ಬರೆದ ಮೇಲೆ ಒಂದು ಫೋನಿನಲ್ಲೇ ರೆಕಾರ್ಡ್ ಮಾಡಿ, ಕಥೆಯ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರು ಮೂವರಿಗೆ ಪಾತ್ರಗಳ ಪಟ್ಟಿ ಕೊಡದೆ ಕೇಳಿಸಿ. ಮುಗಿದ ಮೇಲೆ ಅವರು ಕ್ವಿಯರ್ ಪಾತ್ರಗಳನ್ನು ಗುರುತಿಸಿದರೇ ಎಂದು ಕೇಳಬೇಡಿ. ಮೇಧಾ ಒಳಗೆ ಬರುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದವರು ಯಾರು, ಏಕೆ ನಿಂತಿದ್ದರು ಎಂದಷ್ಟೇ ಕೇಳಿ.